ಬಿಲ್ಲಿನ ಎರಡು ಏಟು

ಹೊನ್ನಾಳಿಯ ಬುಡನ್‌ಸಾಬ್ ಮೇಷ್ಟ್ರಿಗೆ ಹೇಸಿಗೆ ಬಹಳ. ಹುಡುಗರ ಸಿಂಬಳ ಕಂಡರೆ ಹೇಸಿಗೆ, ಸೇದಿ ಎಸೆದ ಬೀಡಿ ಕಂಡರೆ ಹೇಸಿಗೆ, ಎಲ್ಲಕ್ಕಿಂತ ಮನೆಯೊಳಗೆ ಹಾರಾಡುವ ಹತ್ತಿಯ ಧೂಳು ಕಂಡರೆ ಹೇಸಿಗೆ. ಆ ಧೂಳಿನಿಂದಲೇ ತಮ್ಮ ಹೊಟ್ಟೆ ತುಂಬಿದ್ದು ಅನ್ನುವುದನ್ನು ಮಾತ್ರ ಮರೆತಿದ್ದರು.

ಅವರದು ಪಿಂಜಾರರ ಮನೆ. ಅಪ್ಪ ಅಮ್ಮ ಪ್ಲೇಗಿನಲ್ಲಿ ಹೋದ ಮೇಲೆ ಅಕ್ಕ ರಹಮತ್‌ಬೀ ಹತ್ತಿ ಹಿಂಜಿ, ಗಾದಿ ಹೊಲಿದು ತಮ್ಮನನ್ನು ಓದಿಸಿದಳು. ಎಳವೆಯಲ್ಲಿ ಬಂದ ಜ್ವರ ಅವಳ ಮಾತನ್ನು ಕಿತ್ತುಕೊಂಡಿತ್ತು. ಕಿವಿ ಮಾತ್ರ ಬಲು ಚುರುಕು. ಕೈಗೆ ಬಿಡುವಿಲ್ಲದ್ದರಿಂದ ಹತ್ತಿ ಹಿಂಜುವ ಬಿಲ್ಲಿನಲ್ಲೇ ಉತ್ತರ ಕೊಡುತ್ತಿದ್ದಳು. ಹೆದೆಗೆ ಒಂದು ಏಟು ಬಿದ್ದರೆ ಹೂಂ, ಎರಡು ಬಿದ್ದರೆ ಉಹೂಂ. "ಅಕ್ಕಾ, ಆಡಾಕೆ ಹೋಗ್ಲಾ?" ಅಂತ ತಮ್ಮ ಕೇಳಿದರೆ ಎರಡು ಏಟು.

ಇಂಥ ಮೇಷ್ಟ್ರು 1941ರಲ್ಲಿ ಹೈಸ್ಕೂಲಿನ ಮೇಲಿನ ತರಗತಿಗೆ ಮನಶ್ಶಾಸ್ತ್ರ ಹೇಳತೊಡಗಿದರು. ತರಬೇತಿಯಲ್ಲಿ ಬರೆದುಕೊಂಡ ನೋಟ್ಸು ಕೈಯಲ್ಲಿತ್ತು. 'ಭಾಷೆ ಮತ್ತು ಯೋಚನೆ' ಅಂತ ಬೋರ್ಡಿನ ಮೇಲೆ ಬರೆದರು. ಅದರ ಕೆಳಗೆ 'ಮಾತಿಲ್ಲದೆ ಯೋಚನೆಯಿಲ್ಲ' ಅಂತ ಬರೆದು ಗೀಟೆಳೆದರು.

ಸೊಕ್ಕೆ ಅನ್ನುವ ಹಳ್ಳಿಯಿಂದ ಬಂದು ಓದುತ್ತಿದ್ದ ಗೋಣೆಪ್ಪ ಎದ್ದು ನಿಂತ. "ಮೇಷ್ಟ್ರೇ, ಹಂಗಾದ್ರೆ ಮೂಗರು ಏನೂ ಯೋಚ್ನೆ ಮಾಡಲ್ವೇನ್ರೀ?"

"ಇಲ್ಲ. ಹಸಿವು, ನಿದ್ದೆ, ಅಷ್ಟೇ. ಬರ್ಕೋ."

ಥೂ, ಆ ನಾಲಿಗೆಗೆ ಏನನ್ನಬೇಕು!

ಆ ವರ್ಷವೇ ಚನ್ನಗಿರಿಯ ಬಟ್ಟೆ ವ್ಯಾಪಾರಿ ಮೌಲಾಸಾಬ್ ತನ್ನ ಮಗಳನ್ನು ಮೇಷ್ಟ್ರಿಗೆ ಕೊಡಲು ಒಪ್ಪಿದ. "ಆದ್ರೆ ಮನೆಯಾಗೆ ಮೂಗಿ ಇರಬಾರ್ದು ನೋಡ್ರಿ. ಮೊದ್ಲು ಅವಳಿಗೊಂದು ದಾರಿ ಮಾಡ್ರಿ," ಅಂದ. ದಾರಿ ಸವಳಂಗದಲ್ಲಿ ಸಿಕ್ಕಿತು: ಫಕೀರಸಾಬ, ಅರವತ್ತು ದಾಟಿದವನು, ಮೂವರು ಹೆಂಡಿರನ್ನು ಮಣ್ಣು ಮಾಡಿದವನು, ಎಲೆಯಡಿಕೆಯ ಜೊಲ್ಲು ಗಡ್ಡಕ್ಕಿಳಿದರೂ ಒರೆಸಿಕೊಳ್ಳದವನು. ಮೇಷ್ಟ್ರಿಗೆ ಅವನ ಪಕ್ಕ ಕೂತು ಚಹಾ ಕುಡಿಯಲಾಗಲಿಲ್ಲ. ಅಕ್ಕನನ್ನು ಕೊಡಲು ಮಾತ್ರ ಆಯಿತು. ಅವಳನ್ನು ಒಂದು ಮಾತು ಕೇಳಲಿಲ್ಲ. ಕೇಳಿದರೆ ಬರುವ ಉತ್ತರ ಗೊತ್ತಿತ್ತು.

ನಿಕಾಹದ ದಿನ ಇಬ್ಬರು ಸಾಕ್ಷಿಗಳು ಪರದೆಯ ಈಚೆ ನಿಂತು, "ಒಪ್ಪಿಗೆ ಐತೇನವ್ವಾ?" ಅಂತ ಮೂರು ಸಲ ಕೇಳಿದರು. ಮದುಮಗಳು ಸುಮ್ಮನಿದ್ದರೆ ನಾಚಿಕೆ, ಅದೇ ಒಪ್ಪಿಗೆ ಅನ್ನುವುದು ವಾಡಿಕೆ. "ಸುಮ್ನವ್ಳೆ, ಒಪ್ಪಿದಂಗೇ ಆತು," ಅಂತ ಅವರು ಚಪ್ಪರಕ್ಕೆ ಬಂದು ಹೇಳಿದರು. ಅಷ್ಟರಲ್ಲಿ ಒಳಗಿನಿಂದ ಬಿಲ್ಲು ಮೊಳಗಿತು. ಎರಡು ಏಟು. ಸ್ವಲ್ಪ ತಡೆದು ಮತ್ತೆ ಎರಡು.

ಬರೆಯುತ್ತಿದ್ದ ಖಾಜಿಯವರು ತಲೆಯೆತ್ತಿದರು. "ಏನ್ರೀ ಅದು, ಮೇಷ್ಟ್ರೇ?"

ಇಡೀ ಚಪ್ಪರದಲ್ಲಿ ಆ ಸದ್ದಿನ ಅರ್ಥ ಬಲ್ಲವರು ಒಬ್ಬರೇ. ಬಾಯಿಬಿಟ್ಟರೆ ಅಕ್ಕ ಉಳಿಯುತ್ತಿದ್ದಳು, ಚನ್ನಗಿರಿಯ ಸಂಬಂಧ ಹೋಗುತ್ತಿತ್ತು.

"ಏನಿಲ್ರೀ, ಮೂಗಿ. ಕೈ ಸುಮ್ನಿರಲ್ಲ ಅವಳ್ದು. ನೀವು ಬರೀರಿ," ಅಂದರು ಬುಡನ್‌ಸಾಬ್.

ಉಂಡ ಮನೆಯ ಗಳ ಹಿರಿಯುವುದು ಅಂದರೆ ಇದೇ. ರಹಮತ್‌ಬೀ ಅಳಲಿಲ್ಲ. ಗಾಡಿ ಹತ್ತುವ ಮುಂಚೆ ಕತ್ತರಿಯಿಂದ ಬಿಲ್ಲಿನ ಹೆದೆಯನ್ನು ಕತ್ತರಿಸಿ, ಸುತ್ತಿ, ತಮ್ಮನ ಅಂಗೈಯಲ್ಲಿಟ್ಟು ಹೋದಳು.

ಚನ್ನಗಿರಿಯಿಂದ ಅಖ್ತರ್‌ಬೀ ಹೆಂಡತಿಯಾಗಿ ಬಂದಳು. ಈಗ ಮನೆಯಲ್ಲಿ ಧೂಳಿಲ್ಲ. ಆದರೂ ಅಕ್ಕ ಹೊಲಿದ ಗಾದಿಯ ಮೇಲೆ ಮೈಚಾಚಿದರೆ ಮೇಷ್ಟ್ರಿಗೆ ತಮ್ಮ ಮೈಯೇ ನಾರಿದಂತಾಗುತ್ತಿತ್ತು. ದಿನಕ್ಕೆರಡು ಸಲ ಸೋಪು ಹಚ್ಚಿ ಮಿಂದರೂ ಹೋಗಲಿಲ್ಲ. ಒಮ್ಮೆ ಸವಳಂಗಕ್ಕೆ ಹೋದರು. ಅಕ್ಕ ಮುದುಕ ಎಲೆಯಡಿಕೆ ಉಗುಳುವ ಪೀಕದಾನಿ ತೊಳೆಯುತ್ತಿದ್ದಳು. "ಚೆನ್ನಾಗಿದ್ದೀಯೇನಕ್ಕಾ?" ಅಂದರು. ಅವಳು ಪೀಕದಾನಿ ತೊಳೆದಿಟ್ಟು ಒಳಗೆ ಹೋದಳು.

ಪರೀಕ್ಷೆಯಲ್ಲಿ ಗೋಣೆಪ್ಪ ಮೇಷ್ಟ್ರು ಬರೆಸಿದ್ದನ್ನು ಅಕ್ಷರ ಬಿಡದೆ ಬರೆದಿದ್ದ: 'ಮಾತಿಲ್ಲದೆ ಯೋಚನೆಯಿಲ್ಲ. ಮೂಗರಿಗೆ ಹಸಿವು, ನಿದ್ದೆ, ಅಷ್ಟೇ.' ಮೇಷ್ಟ್ರು ಅದಕ್ಕೆ ಸೊನ್ನೆ ಹಾಕಿದರು. ಹುಡುಗ ಉತ್ತರಪತ್ರಿಕೆ ಹಿಡಿದು ಬಂದ.

"ನೀವೇ ಬರೆಸಿದ್ದಲ್ವೇನ್ರೀ ಮೇಷ್ಟ್ರೇ?"

"ಸುಳ್ಳು ಬರೆಸಿದ್ದೆ ಕಣಪ್ಪ."

"ಸುಳ್ಳು ಅಂತ ನಿಮಗೆ ಯಾವಾಗ ಗೊತ್ತಾಯ್ತ್ರೀ?"

ಮೇಷ್ಟ್ರು ಕೋಟಿನ ಜೇಬಿನೊಳಗಿದ್ದ ಅಕ್ಕನ ಬಿಲ್ಲಿನ ಹೆದೆಯನ್ನು ಬಿಗಿಯಾಗಿ ಹಿಡಿದುಕೊಂಡರು.

"ಐದು ವರ್ಷದವನಿದ್ದಾಗ," ಅಂದರು. "ಆಡಾಕೆ ಹೋಗ್ಲಾ ಅಂತ ಕೇಳಿದ್ದೆ."