ಯಾವೂರು, ಯಾವ ಬೀದಿ, ಯಾವ ನೀರು?

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ನನ್ನ ತಮ್ಮನ ರೇಷ್ಮೆಹುಳು ಮನೆ. ಹಾಜರಿದ್ದವರು ಎಕ್ಸ್‌ರೇ ಡಾಕ್ಟರಮ್ಮ, ನಾನು, ತಮ್ಮನ ಹೆಂಡತಿ, ಪಂಚಾಯಿತಿ ಮೆಂಬರು ಮತ್ತು ನಮ್ಮೂರಿನ ಎರಡೂ ಬೀದಿಗಳ ಜನ.

ಡಾಕ್ಟರಮ್ಮ ಎಡಗಣ್ಣು ಮುಚ್ಚಿ, ಬಲಗೈ ಮೇಲಕ್ಕೆ ಚಾಚಿ, ಒಂದು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಏನು ಸಿಕ್ಕರೂ ಹಾಗೆ ನೋಡುವುದು ಅವರ ಅಭ್ಯಾಸ. ಹಿಪ್ಪುನೇರಳೆ ಎಲೆಯನ್ನೂ ಎತ್ತುವರು, ಕಾಫಿಯ ಗಾಜಿನ ಲೋಟವನ್ನೂ ಎತ್ತುವರು. ಒಮ್ಮೆ ತಮ್ಮನ ಹೆಂಡತಿ ಹುಯ್ದ ದೋಸೆಯನ್ನೇ ಎತ್ತಿದ್ದರು.

"ತೂತು ಎಣಿಸ್ತಿದ್ದೀರಾ ಡಾಕ್ಟ್ರಮ್ಮ?" ಎಂದು ಅವಳು ಕೇಳಿದ್ದಳು.

"ಇಲ್ಲಮ್ಮ, ದೋಸೆ ಹುಯ್ದ ಕೈ ನೆಟ್ಟಗಿದ್ಯಾ ಅಂತ ನೋಡ್ದೆ."

ಆ ಕೈಯಿಂದಲೇ ಅವರ ಪರಿಚಯವಾದದ್ದು. ನಾನು ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾಗಿ ಹುತ್ತೂರಿನಾಚೆಯ ನಮ್ಮೂರಿಗೆ ಬಂದು ನೆಲೆಸಿದ್ದೆ. ತಮ್ಮನ ಹೆಂಡತಿ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಮುಂಗೈ ಊದಿಸಿಕೊಂಡಳು. ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ನೋಡುವ ಡಾಕ್ಟರಮ್ಮ ಮುಳಬಾಗಿಲು ಕಡೆಯವರು, ಮಾತಿನಲ್ಲಿ ತೆಲುಗು ಇಣುಕುತ್ತಿತ್ತು. ಎಲ್ಲಿ ನೋವು ಎಂದು ಕೇಳಲಿಲ್ಲ. ಹೆಸರನ್ನೂ ಕೇಳಲಿಲ್ಲ.

"ಯಾವೂರಮ್ಮಾ? ಯಾವ ಬೀದಿ? ಯಾವ ನೀರು ಕುಡೀತೀರಿ?"

ಕೈ ನೋಯುತ್ತಿದ್ದವಳಿಗೆ ರೇಗಿತು. "ಮದುವೆಗೆ ಹುಡುಗೀನ ಕೇಳ್ದಂಗೆ ಕೇಳ್ತಾರಲ್ಲ ಬಾವ" ಎಂದು ನನ್ನ ಕಡೆ ತಿರುಗಿದಳು. ಡಾಕ್ಟರಮ್ಮ ನಗುತ್ತಲೇ ಫಿಲ್ಮನ್ನು ನಮಗೆ ತೋರಿಸಿದರು. ಮುಂಗೈಯಲ್ಲಿ ಎರಡು ಮೂಳೆ.

"ಚೂಡಮ್ಮಾ, ನೋಡಿಲ್ಲಿ. ಈ ಎರಡರ ಮಧ್ಯ ಗುಡಿಸಿದ ಬೀದಿ ಥರ ಸಾಫಾಗಿರ್ಬೇಕು. ನಿನಗೆ ಜಾಲಿಮುಳ್ಳು ಹಾಸ್ದಂಗಿದೆ. ಇದು ಬಿದ್ದಿದ್ದರಿಂದ ಬಂದದ್ದಲ್ಲ. ನೀರಲ್ಲಿರೋ ಫ್ಲೋರೈಡು."

ನಮ್ಮ ಕೆಳಗಿನ ಬೀದಿಗೆ ಬರುವುದು ಆಳದ ಬೋರ್‌ವೆಲ್ ನೀರು. ಮೇಲಿನ ಬೀದಿಯವರು ಮೊದಲಿನಿಂದ ಸೇದುವ ಬಾವಿಯ ನೀರು ಕುಡಿದವರು. ಈಚೆಗೆ ಅವರ ಬಾಗಿಲಿಗೇ ಫಿಲ್ಟರ್ ನೀರಿನ ಘಟಕವೂ ಬಂದಿತ್ತು. ನಮ್ಮಲ್ಲಿ ಸೊಂಟ, ಮಂಡಿ ಹಿಡಿಯದವರೇ ಕಡಿಮೆ. ಏರು ಹತ್ತಿ ಕ್ಯಾನು ಹೊತ್ತು ತರುವ ಶಕ್ತಿ ಯಾರಿಗಿತ್ತು? ಎಲ್ಲರೂ ಬೇರೆ ಬೇರೆ ಕಡೆ ತೋರಿಸಿಕೊಂಡು, ವಯಸ್ಸಾಯಿತು ಎಂಬ ಮಾತು ಕೇಳಿಕೊಂಡು ಬಂದಿದ್ದರು.

"ಒಬ್ಬೊಬ್ಬರನ್ನೇ ನೋಡಿದ್ರೆ ಅದು ವಯಸ್ಸೇ ಮೇಷ್ಟ್ರೇ" ಎಂದರು ಡಾಕ್ಟರಮ್ಮ. "ಬೀದೀನ ಒಟ್ಟಿಗೆ ನೋಡ್ಬೇಕು."

ತಮ್ಮನ ಹೆಂಡತಿಗೆ ಚಿಂತೆ ತನ್ನ ಕೈಯದಲ್ಲ. ಮನೆಯಲ್ಲಿ ಮೊಮ್ಮಗಳು ಆಗಷ್ಟೇ ಅನ್ನಕ್ಕೆ ಬಂದಿದ್ದಳು. "ಮಗೂಗೆ ರಾಗಿ ಸರಿ ಕಾಯ್ಸೋದು ಅದೇ ನೀರಲ್ಲಿ. ಚೆನ್ನಾಗಿ ಕುದಿಸೇ ಕುದಿಸ್ತೀನಿ. ಕುದಿಸಿದ್ರೆ ಹೋಗಲ್ವಾ?"

"ಹೋಗಲ್ಲಮ್ಮ. ನೀರು ಆವಿಯಾಗುತ್ತೆ, ಅದು ಪಾತ್ರೇಲೇ ಉಳ್ಕೊಳುತ್ತೆ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗುವಿನ ಒಳ್ಳೆಯದಕ್ಕೆಂದು ದಿನವೂ ಇನ್ನೊಂದು ಕುದಿ ಹೆಚ್ಚಿಗೆ ಕುದಿಸಿದವಳು. "ನಂದು ಸರಿಹೋಗುತ್ತಾ?" ಎಂದು ಕೊನೆಗೆ ಕೇಳಿದಳು.

"ಸುಳ್ಳು ಹೇಳಲ್ಲ. ನಿಂದು ಪೂರ್ತಿ ವಾಪಸ್ ಬರಲ್ಲ. ಮೊಮ್ಮಗಳದ್ದು ತಡೀಬೋದು, ಈಗ್ಲೇ ನೀರು ಬದಲಾದ್ರೆ."

ಡಾಕ್ಟರಮ್ಮ ಅಲ್ಲಿ ಇಲ್ಲಿ ಕೇಳಿ, ಎತ್ತಿ ಒಯ್ಯಬಹುದಾದ ಸಣ್ಣ ಎಕ್ಸ್‌ರೇ ಯಂತ್ರವನ್ನು ವ್ಯಾನಿನಲ್ಲಿ ನಮ್ಮೂರಿಗೇ ತಂದರು. ಸಾಲು ನಿಲ್ಲಿಸುವ ಕೆಲಸ ನನ್ನದು, ಅದು ನನಗೆ ಬರುತ್ತದೆ. ಮಕ್ಕಳನ್ನೂ ಬಸುರಿಯರನ್ನೂ ಬಿಟ್ಟು, ಎರಡೂ ಬೀದಿಯವರ ಮುಂಗೈಯ ಚಿತ್ರ ತೆಗೆದರು. ಆ ಚಿತ್ರಗಳನ್ನು ತೋರಿಸುವುದಕ್ಕೇ ಆ ಭಾನುವಾರ ಸೇರಿದ್ದು. ಗೂಡು ಮಾರಿ ಹುಳು ಮನೆ ಖಾಲಿಯಿತ್ತು. ಒಳಗೆ ಕತ್ತಲು, ಬ್ಲೀಚಿಂಗ್ ಪೌಡರಿನ ವಾಸನೆ, ನೊಣ ಬಾರದಂತೆ ಬಲೆ ಹೊಡೆದ ಎರಡು ಕಿಟಕಿ. ಡಾಕ್ಟರಮ್ಮ ಚಪ್ಪಲಿ ಹೊರಗೆ ಬಿಟ್ಟು, ಹುಳುವಿಗೆ ರೋಗ ತಾಗದಿರಲೆಂದು ಹೊಸ್ತಿಲಿಗೆ ಹಾಕಿದ್ದ ಸುಣ್ಣದ ಪುಡಿ ತುಳಿದೇ ಒಳಗೆ ಬಂದರು. ಒಂದೊಂದು ಬೀದಿಯ ಫಿಲ್ಮುಗಳನ್ನು ಒಂದೊಂದು ಕಿಟಕಿಯ ಬಲೆಗೆ ಕ್ಲಿಪ್ಪು ಹಾಕಿ ತೂಗಿಬಿಟ್ಟೆವು. ಯಾರ ಹೆಸರನ್ನೂ ಬರೆಯಲಿಲ್ಲ, ಬೀದಿಯನ್ನೂ ಬರೆಯಲಿಲ್ಲ.

ಮೇಲಿನ ಬೀದಿಯ ಮೆಂಬರು ಬಾಗಿಲಲ್ಲೇ ಶುರು ಮಾಡಿದ. "ಊರಿಗೆ ಒಂದು ಘಟಕ ಕೊಟ್ಟಿಲ್ವಾ? ಈ ಕೆಳಗಿನೋರಿಗೆ ಮೈ ಬಗ್ಗಲ್ಲ, ಸೋಮಾರಿತನ."

"ಮೈ ಬಗ್ಗಲ್ಲ, ಸರಿಯಾಗಿ ಹೇಳಿದ್ರಿ" ಎಂದರು ಡಾಕ್ಟರಮ್ಮ. "ಬನ್ನಿ. ಇದ್ರಲ್ಲಿ ನಿಮ್ಮ ಬೀದಿ ಯಾವ್ದು, ನೀವೇ ಹೇಳಿ."

"ನಾನೇನು ಡಾಕ್ಟ್ರಾ?"

"ಕಣ್ಣಿದ್ರೆ ಸಾಕು."

ಅವನು ಒಂದು ಕಿಟಕಿ ನೋಡಿದ, ಇನ್ನೊಂದನ್ನು ನೋಡಿದ. ಬಿಸಿಲೇರಿ ಎರಡೂ ಕಡೆ ಮೂಳೆಗಳು ಬೆಳಗುತ್ತಿದ್ದವು. ಒಂದು ಕಡೆ ಹೆಚ್ಚಿನ ಕೈಗಳ ಸಂದಿ ಸ್ವಚ್ಛ. ಇನ್ನೊಂದು ಕಡೆ ಸಾಲಿಗೆ ಸಾಲೇ ಮುಳ್ಳು. ಅವನು ಮೊದಲನೆಯದಕ್ಕೆ ಬೆರಳು ತೋರಿಸಿದ. ಆಮೇಲೆ ಎರಡನೆಯ ಕಿಟಕಿಯ ಫಿಲ್ಮುಗಳನ್ನು ಒಂದೊಂದಾಗಿ ನೋಡುತ್ತ ಹೋದ.

"ನಮ್ಮಕ್ಕನ್ನ ಕೊಟ್ಟಿರೋದು ಈ ಬೀದಿಗೇ. ಇದ್ರಲ್ಲಿ ಅವಳ ಕೈ ಯಾವ್ದು?"

"ಯಾವುದಾದ್ರೇನಪ್ಪ" ಎಂದರು ಡಾಕ್ಟರಮ್ಮ. "ಎಲ್ಲಾ ಒಂದೇ ಥರ ಇದೆಯಲ್ಲ."

ಅವನೇ ಮುಂದೆ ನಿಂತು ಓಡಾಡಿದ. ಪೈಪು ಹೂತು, ಫಿಲ್ಟರ್ ನೀರು ಇಳಿಜಾರಿನಲ್ಲಿ ನಮ್ಮ ಬೀದಿಗೆ ಬರುವಂತಾಯಿತು. ಮೊದಲ ಕೊಡ ಹಿಡಿದವಳು ತಮ್ಮನ ಹೆಂಡತಿ. ಅಂದಿನ ರಾಗಿ ಸರಿ ಅದರಲ್ಲೇ ಕಾಯಿತು.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಕಳೆದ ಬೇಸಿಗೆಯಲ್ಲಿ ಸೈಕಲ್ಲಿನಿಂದ ಬಿದ್ದಳು. ಆಗ ತೆಗೆಸಿದ ಎಕ್ಸ್‌ರೇ ಹಿಡಿದು ಮುಳಬಾಗಿಲಿಗೆ ಹೋದೆ. ಡಾಕ್ಟರಮ್ಮ ಹಾಸಿಗೆ ಹಿಡಿದಿದ್ದರು, ಕೈ ಏಳುತ್ತಿರಲಿಲ್ಲ. ನಾನೇ ಕಿಟಕಿಗೆ ಎತ್ತಿ ಹಿಡಿದೆ. ಅವರು ಎಡಗಣ್ಣು ಮುಚ್ಚಿದರು.

"ಗುಡಿಸಿದ ಬೀದಿ ಮೇಷ್ಟ್ರೇ" ಎಂದರು. ಇನ್ನೂ ಸ್ವಲ್ಪ ಹೊತ್ತು ಹಿಡಿದಿರಲು ಹೇಳಿದರು.

ಅವರು ತೀರಿಕೊಂಡರೆಂಬ ಸುದ್ದಿ ಇವತ್ತು ಬೆಳಿಗ್ಗೆ ಬಂತು. ಹೋಗಿ, ಮಣ್ಣು ಹಾಕಿ, ಕೊನೆಯ ಬಸ್ಸಿಗೆ ಕಾಯದೆ ಹಿಂದಿರುಗಿದೆ. ನಮ್ಮ ಬೀದಿಗೆ ಸಂಜೆ ನೀರು ಬಿಡುವ ಕೆಲಸ ನನ್ನದು. ವಾಲ್ವು ತಿರುಗಿಸಿದೆ. ಎಲ್ಲ ಮನೆಯವರೂ ಹಿಡಿದುಕೊಂಡ ಮೇಲೆ ನಿಲ್ಲಿಸಿ ಬೀಗ ಹಾಕಿದೆ.