ಭಾವನ ಗೋಡೆ ದಾಟಿದ ಪೈಪು

ಪೈಪಮ್ಮ ಅಂದರೆ ಸಾಕು, ಆ ಬೀದಿಯಲ್ಲಿ ಯಾರಿಗೂ ಬೇರೆ ಗುರುತು ಬೇಕಿರಲಿಲ್ಲ. ಗಿಡ್ಡ ಆಳು, ದೊಡ್ಡ ದನಿ, ಸೊಂಟದಲ್ಲಿ ಸದಾ ಒಂದು ಸ್ಪ್ಯಾನರು. ನಲ್ಲಿ ರಿಪೇರಿಯಿಂದ ಶುರು ಮಾಡಿ ದೊಡ್ಡ ದೊಡ್ಡ ಕಟ್ಟಡಗಳ ನೀರಿನ ಕೆಲಸ ಹಿಡಿಯುವಷ್ಟು ಬೆಳೆದವಳು. ಹೊಗಳಿಕೊಳ್ಳುವುದರಲ್ಲೂ ಎತ್ತಿದ ಕೈ. ನಾನು ಕೂಡಿಸಿದ ಜಾಯಿಂಟು ಗಂಡ ಹೆಂಡಿರಿಗಿಂತ ಗಟ್ಟಿ ಅಂತ ಹೇಳಿ, ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುವಳು.

ಇಂಥವಳು ಒಂದೇ ಒಂದು ಮನೆಯಲ್ಲಿ ಕೈಕಟ್ಟಿ ಕೂರಬೇಕಾಗಿತ್ತು. ಅದು ಸ್ವಂತ ಅಕ್ಕನ ಮನೆ.

ಅಕ್ಕನ ಹೊಲಿಗೆ ಕೋಣೆ ಮೇಲ್ಮಹಡಿಯಲ್ಲಿ, ಸಪಾಟು ತಾರಸಿಯ ಕೆಳಗೇ ಇತ್ತು. ತಾರಸಿಯ ಮಳೆನೀರೆಲ್ಲ ಆ ಕೋಣೆಯ ಮೂಲೆಯ ಹಳೇ ಪೈಪಿನಲ್ಲೇ ಇಳಿಯಬೇಕು. ಕಳೆದ ಮಳೆಗಾಲದಲ್ಲಿ ಅದು ಬಿರಿದು, ಹೊಲಿದು ಮಡಚಿಟ್ಟಿದ್ದ ಶಾಲೆ ಅಂಗಿಗಳ ರಾಶಿ ಕೊಚ್ಚೆಬಣ್ಣಕ್ಕೆ ತಿರುಗಿತು. ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ. ಇನ್ನೊಂದು ಸಲ ಹೀಗಾದರೆ ಮಿಷನ್ನು ಮಾರಿ ಸುಮ್ಮನಾಗ್ತೀನಿ ಅಂದಳು. ಅಂದದ್ದನ್ನು ಮಾಡುವ ಹೆಂಗಸು ಅವಳು. ತಂಗಿ ಅವತ್ತೇ ತಾರಸಿ ಹತ್ತಿ ನೀರಿನ ದಾರಿ ನೋಡಿಕೊಂಡು ಬಂದಳು.

ಕೋಣೆಯೊಳಗಿನ ಪೈಪಿಗೆ ಎಷ್ಟು ತೇಪೆ ಹಾಕಿದರೂ ಭಯ ತಪ್ಪದು; ನೀರನ್ನು ಹೊರಗೋಡೆ ತೂರಿಸಿ ಆಚೆಗೆ ಇಳಿಸಿದರೆ ಮುಗಿಯಿತು. ಆದರೆ ಆ ಹೊರಗೋಡೆ ಭಾವನದು. ಕಟ್ಟಡಗಳಿಗೆ ಹಲಗೆ ಹೊದಿಸುವುದೇ ಭಾವನ ಕಸುಬು. ಈ ಬೇಸಗೆಯಲ್ಲಿ ಸ್ವಂತ ಮನೆಗೂ ಹೊದಿಸಿದ್ದ. ಗೋಡೆಗೆ ಕಬ್ಬಿಣದ ಪಟ್ಟಿ, ಪಟ್ಟಿಯ ಮೇಲೆ ಕಂದು ಹಲಗೆ, ನಡುವೆ ಎರಡು ಬೆರಳು ತೂರುವಷ್ಟು ಸಂದು. ಸಂಜೆಯಾದರೆ ಎದುರಿನ ಫುಟ್‌ಪಾತಿನಲ್ಲಿ ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತಿದ್ದ. ಮದುವೆಯಾದ ಹೊಸದರಲ್ಲೂ ನನ್ನನ್ನ ಇಷ್ಟು ಹೊತ್ತು ನೋಡಿರಲಿಲ್ಲ ಅಂತ ಅಕ್ಕ ಗೊಣಗುವಳು.

ಪೈಪಿನ ಮಾತೆತ್ತಿದರೆ ಭಾವನದು ಒಂದೇ ಉತ್ತರ. "ನನ್ನ ಹಲಗೆಗೆ ಕೊರೆಯೋ ಬದಲು ನನ್ನ ಹಲ್ಲಿಗೆ ಕೊರಿ."

ಬೇಕಾದರೆ ಪೈಪನ್ನು ಹಲಗೆಯ ಹಿಂದಿನ ಸಂದಿಗೇ ಬಿಡು, ನೀರು ತಾನೇ ದಾರಿ ಹುಡುಕ್ಕೊಳ್ಳುತ್ತೆ ಅಂತ ಅವನ ಸಲಹೆ. ಹುಡುಕ್ಕೊಳ್ಳುತ್ತೆ ಭಾವ, ನೇರ ಕಿಟಕಿ ತಲೆ ಮೇಲಿಂದ ಅಕ್ಕನ ಕೋಣೆಗೇ ಬರುತ್ತೆ, ಜೊತೆಗೆ ನಿನ್ನ ಹಲಗೇನೂ ಉಬ್ಬಿಸಿ ಹಾಕುತ್ತೆ ಅಂತ ಇವಳು ಬಿಡಿಸಿ ಬಿಡಿಸಿ ಹೇಳಿದಳು. ಭಾವ ಎಲ್ಲಾ ಕೇಳಿ, ಗೋಡೆ ನೋಡುವುದನ್ನು ಮುಂದುವರಿಸಿದ.

ಮೋಡ ಕಟ್ಟತೊಡಗಿತು. ಒಂದು ಬೆಳಿಗ್ಗೆ ಪೈಪಮ್ಮ ಡ್ರಿಲ್ಲು ಹಿಡಿದು, ಭಾವ ಹಲಗೆ ಹೊದಿಸಲು ಕಟ್ಟಿ ಇನ್ನೂ ಬಿಚ್ಚದೆ ಬಿಟ್ಟಿದ್ದ ಸಾರುವೆ ಹತ್ತಿದಳು. ಬೆರಳ ಗಿಣ್ಣಿನಿಂದ ಹಲಗೆ ತಟ್ಟಿದಳು. ಸದ್ದು ಎಲ್ಲಿ ಟೊಳ್ಳೋ ಅಲ್ಲಿ ಬರೀ ಸಂದು, ಎಲ್ಲಿ ಮಂಕೋ ಅಲ್ಲಿ ಹಿಂದೆ ಪಟ್ಟಿ. ಕೊರೆಯುವ ಜಾಗ ಅವಳಿಗೆ ಸಿಕ್ಕೇಬಿಟ್ಟಿತು. ಸಿಗದಿದ್ದದ್ದು ಭಾವನ ಒಪ್ಪಿಗೆ. ಅದಕ್ಕೇ ಬೇಕೆಂತಲೇ ಪಟ್ಟಿಯ ಮೇಲೆ ಸರಿಯಾಗಿ ಚಾಕ್‌ಪೀಸಿನಿಂದ ವೃತ್ತ ಬರೆದು ಡ್ರಿಲ್ಲು ಎತ್ತಿದಳು.

ಕೆಳಗೆ ಟೀ ಲೋಟ ಹಿಡಿದು ನಿಂತಿದ್ದ ಭಾವ ತಡೆದುಕೊಳ್ಳಲು ನೋಡಿದ. ಆಗಲಿಲ್ಲ.

"ಅಲ್ಲಿ ಬೇಡ. ಅಲ್ಲಿ ಕಬ್ಬಿಣ ಇದೆ."

"ಹೌದಾ? ಹಾಗಾದ್ರೆ ಇಲ್ಲಿ?" ಅಂತ ವೃತ್ತವನ್ನು ಹಲಗೆಯ ಅಂಚಿಗೆ ಸರಿಸಿದಳು.

"ಅಂಚಿಗೆ ಕೊರೆದ್ರೆ ಸೀಳುತ್ತೆ ಕಣೇ. ಅಷ್ಟೂ ಗೊತ್ತಿಲ್ವಾ?"

"ನಾನು ಪೈಪಿನವಳು ಭಾವ. ಹಲಗೆ ವಿಷಯ ನಂಗೇನು ಗೊತ್ತು?"

ಗೊತ್ತಿಲ್ಲ ಅನ್ನುವ ಮಾತು ಅವಳ ಬಾಯಿಂದ ಹುಟ್ಟಿದ್ದೇ ಅವತ್ತು. ಭಾವ ಲೋಟ ಮೆಟ್ಟಿಲ ಮೇಲಿಟ್ಟು ದಡದಡ ಹತ್ತಿ ಬಂದು ಡ್ರಿಲ್ಲು ಕಿತ್ತುಕೊಂಡ. ಎಲ್ಲಿ, ಎಷ್ಟು ಎತ್ತರಕ್ಕೆ ಬೇಕು ಹೇಳು ಅಂದ. ತಾರಸಿ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ ಅಂತ ಇವಳು ತೋರಿಸಿದಳು. ಹಲಗೆ ಚಕ್ಕೆ ಏಳದಿರಲಿ ಅಂತ ಟೇಪು ಅಂಟಿಸಿ, ಉಸಿರು ಬಿಗಿಹಿಡಿದು ಭಾವ ಕೊರೆದ. ದುಂಡನೆಯ ಬಿಲ್ಲೆಯೊಂದು ಕಳಚಿ ಅಂಗೈಗೆ ಬಂತು. ಒಂದು ಗೀರಿಲ್ಲ. ಅವನು ಬಿಲ್ಲೆಯನ್ನು ಅಂಗಿ ಜೇಬಿಗೆ ಹಾಕಿಕೊಂಡ.

ಆಮೇಲಿನದೆಲ್ಲ ಪೈಪಮ್ಮನ ರಾಜ್ಯ. ನೀರು ಹಿಂದೆ ಸರಿಯದಂತೆ ಹೊರಕ್ಕೆ ಕೊಂಚ ಇಳಿಜಾರಾಗಿ ಗೋಡೆ ಕೊರೆದಳು. ಸಂದು ದಾಟಿ, ಹಲಗೆ ದಾಟಿ, ಗೇಣುದ್ದ ಆಚೆಗೆ ಚಾಚುವಂತೆ ಪೈಪು ತೂರಿಸಿದಳು. ಸುತ್ತ ರಬ್ಬರಿನ ಕಾಲರು, ಅದರ ಮೇಲೆ ಅಂಟು. ಬಾಯಿಯ ಕೆಳಗೆ ಪುಟ್ಟ ತೊಟ್ಟಿ, ತೊಟ್ಟಿಯಿಂದ ನೆಲದವರೆಗೆ ಇಳಿಪೈಪು. ಅದರ ಕ್ಲಾಂಪನ್ನೆಲ್ಲ ಹಲಗೆಗೆ ನೇತುಹಾಕದೆ ಹಿಂದಿನ ಕಬ್ಬಿಣಕ್ಕೇ ಬಿಗಿದಳು. ಕೋಣೆಯ ಹಳೇ ಪೈಪು ಮೂಲೆಯಿಂದ ಎದ್ದು ಹೋಯಿತು. ಭಾವ ಯಾರೂ ಹೇಳದೆಯೇ ಹೊಸ ಪೈಪಿಗೆ ಹಲಗೆಯ ಬಣ್ಣ ಬಳಿದ.

ಅದೇ ವಾರ ಮಧ್ಯಾಹ್ನ ಮಳೆ ಬಂತು. ಬಂತು ಅಂದರೆ ಹೇಗೆ, ಎದುರು ಮನೆ ಕಾಣದ ಹಾಗೆ. ತಾರಸಿಯಲ್ಲಿ ನೀರು ಸುಳಿ ಸುತ್ತಿ ಕೊಳವೆಗೆ ನುಗ್ಗಿತು. ತೊಟ್ಟಿ ಗುಳುಗುಳು ಅಂದಿತು, ಇಳಿಪೈಪು ಗುಟುರು ಹಾಕಿತು, ಬುಡದಲ್ಲಿ ನೀರು ಬುಗ್ಗೆ ಎದ್ದು ಚರಂಡಿಗೆ ಓಡಿತು. ಪೈಪಮ್ಮ ಮಳೆಯಲ್ಲೇ ನಿಂತು ಹಲಗೆಯ ಕೆಳಸಂದಿಗೆ ಕೈ ತೂರಿಸಿದಳು. ಬೆರಳಿಗೆ ಸಿಕ್ಕಿದ್ದು ಒಣ ಧೂಳು.

ಭಾವ ಛತ್ರಿ ಹಿಡಿದು ಬೀದಿಯಲ್ಲಿ ನಿಂತಿದ್ದ. ಪಕ್ಕದ ಅಂಗಡಿಯ ಕ್ಷೌರದವನು ಭೇಷ್ ಅಂದದ್ದೇ ತಡ, ಜಾಗ ತೋರಿಸಿದ್ದು ನಾನೇ, ಇಲ್ಲದಿದ್ರೆ ನಮ್ಮ ನಾದಿನಿ ಕಬ್ಬಿಣಕ್ಕೇ ಕೊರೀತಿದ್ಲು ಅಂತ ಶುರು ಹಚ್ಚಿಕೊಂಡ. ಪೈಪಮ್ಮ ಕೇಳಿಸಿಕೊಂಡಳು. ತುಟಿ ಕಚ್ಚಿ ನಗು ನುಂಗಿ, ನೀರು ಸುರಿಸುತ್ತ ಮೆಟ್ಟಿಲು ಹತ್ತಿದಳು.

ಅಕ್ಕ ಅವಳನ್ನು ಬಾಗಿಲಲ್ಲೇ ತಡೆದಳು. "ಅಲ್ಲೇ ನಿಲ್ಲು. ಈ ಕೋಣೇಲಿ ಈಗ ಸೋರ್ತಿರೋದು ನೀನೊಬ್ಬಳೇ."

ಹಾಗಂದವಳೇ ಟವೆಲ್ಲು ಎಸೆದು, ಕತ್ತರಿಸುವ ಮೇಜನ್ನು ದರದರ ಎಳೆದು ಆ ಖಾಲಿ ಮೂಲೆಗೇ ಹಾಕಿದಳು. ಹೊರಗೆ ಗೋಡೆಯುದ್ದಕ್ಕೂ ನೀರು ಇಳಿಯುತ್ತಿರುವಾಗ ಮೇಜಿನ ತುಂಬ ಹಾಲಿನಂಥ ಬಿಳಿ ಬಟ್ಟೆ ಹಾಸಿ, ಸೂರಿನ ಕಡೆ ಒಂದು ಸಲವೂ ನೋಡದೆ ಕತ್ತರಿ ಓಡಿಸಿದಳು.