ನಾಲ್ಕನೇ ಸಾಲು

ಅವರಿಗೆ ಅಡಿಟಿಪ್ಪಣಿ ಅಕ್ಕ ಎಂದು ಹೆಸರಿಟ್ಟವನು ನಾನೇ. ಮೆಚ್ಚಿ ಇಟ್ಟದ್ದಲ್ಲ, ಸಿಟ್ಟಿನಲ್ಲಿ ಇಟ್ಟದ್ದು. ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ ಈ ಹೆಂಗಸು ಯಾವ ಸಂಶೋಧನಾ ಲೇಖನ ಕೊಟ್ಟರೂ ಹಿಂದಿನಿಂದ ಓದುತ್ತಿದ್ದರು. ಮೊದಲು ಅಧ್ಯಯನಕ್ಕೆ ದುಡ್ಡು ಕೊಟ್ಟವರು ಯಾರೆಂಬ ಕೊನೆಯ ಸಾಲು. ಆಮೇಲೆ ಕೋಷ್ಟಕಗಳ ಕೆಳಗೆ ಇರುವೆ ಸಾಲಿನಂತಿರುವ ಅಡಿಟಿಪ್ಪಣಿ. ಎಲ್ಲರೂ ಓದುವ ಮೊದಲ ಪ್ಯಾರಾ ಅವರಿಗೆ ಕಟ್ಟಕಡೆಯದು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ.

"ಬಾಡಿಗೆ ಮನೆ ತೋರಿಸೋರು ಮೊದ್ಲು ಹಾಲ್ ತೋರಿಸ್ತಾರಪ್ಪ. ನಾನು ಮೊದ್ಲು ಬಚ್ಚಲು ನೋಡ್ತೀನಿ," ಎಂದರು.

ನಮ್ಮದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ನಾಲ್ಕು ಮೇಜಿನ ಕಂಪನಿ. ಡಾಕ್ಟರು ಫೋನಿನಲ್ಲಿ ಒಂದು ಪ್ರಶ್ನೆ ಹಾಕಿದರೆ ಎಐ ನೂರಾರು ವೈದ್ಯಕೀಯ ಲೇಖನ ಓದಿ ಸಾರಾಂಶ ಹೇಳಬೇಕು, ಅಂಥ ಆ್ಯಪ್ ಕಟ್ಟುತ್ತಿದ್ದೆವು. ಎಐಗೆ ಪಾಠ ಹೇಳುವ ಕೆಲಸ ಎಂಜಿನಿಯರ್ ಹುಡುಗಿಯದು. ಅದರ ಮಾತು ಫೋನಿನಲ್ಲಿ ಹೇಗೆ ಕಾಣಬೇಕೆಂದು ವಿನ್ಯಾಸ ಮಾಡುವುದು ನನ್ನದು. ನಮ್ಮಿಬ್ಬರ ತಲೆ ತಿನ್ನುವುದು ಬಾಸ್‌ ಕೆಲಸ. ಸಾರಾಂಶವನ್ನು ಮೂಲದ ಜೊತೆ ತಾಳೆ ನೋಡಲು ಆಸ್ಪತ್ರೆಯವರು ಅಕ್ಕನನ್ನು ಕಳಿಸಿದ್ದರು. ಅವರು ಒಪ್ಪಿ ಸಹಿ ಹಾಕದೆ ಆ್ಯಪ್ ಇಡೀ ಆಸ್ಪತ್ರೆಗೆ ಹೋಗುವಂತಿರಲಿಲ್ಲ.

ಅಕ್ಕನ ಫೋನು ಗುಂಡಿ ಒತ್ತುವ ಹಳೆಯದು. ಹಾಗಾಗಿ ಎಂಜಿನಿಯರ್ ಸಾರಾಂಶಗಳನ್ನು ಕಾಗದದ ಮೇಲೆ ಮುದ್ರಿಸಿ ಕೊಡುತ್ತಿದ್ದಳು. ಅಕ್ಕ ಕೆಂಪು ಪೆನ್ಸಿಲ್ ಹಿಡಿದು ಒಂದೊಂದರ ಪಕ್ಕದಲ್ಲೂ ಒಂದೇ ಪ್ರಶ್ನೆ ಬರೆಯುತ್ತಿದ್ದರು: ಯಾರನ್ನು ಬಿಟ್ಟರು? ಅಧ್ಯಯನಕ್ಕೆ ಯಾರನ್ನು ಸೇರಿಸಿಕೊಳ್ಳಲಿಲ್ಲ, ನಡುವೆ ಬಿಟ್ಟುಹೋದವರು ಎಷ್ಟು ಜನ, ಆ ಲೆಕ್ಕ ಸಾರಾಂಶದಲ್ಲಿ ಇರಲೇಬೇಕು. ಅವರ ಕಾಟಕ್ಕೆ ಎಐ ಕೂಡ ಅದನ್ನು ಕಲಿಯಿತು. ಪ್ರತಿ ಸಾರಾಂಶದ ನಾಲ್ಕನೇ ಸಾಲಿನಲ್ಲಿ ಯಾರನ್ನು ಬಿಟ್ಟರೆಂದು ಹೇಳತೊಡಗಿತು. ಆದರೂ ಅಕ್ಕನ ಮುಖದ ಗಂಟು ಸಡಿಲಲಿಲ್ಲ. ಕೆಲಸ ಹೋಗುವ ಭಯಕ್ಕೆ ಈಕೆ ಬೇಕೆಂತಲೇ ಕೊಕ್ಕೆ ಹಾಕುತ್ತಿದ್ದಾರೆ ಎಂಬ ಗುಮಾನಿ ನನಗೆ. ಅವರು ಊಟಕ್ಕೆ ಎದ್ದಾಗ ಕಾಗದ ತಿರುವಿ ನೋಡಿದ್ದೂ ಉಂಟು. ಒಂದು ತಪ್ಪೂ ಸಿಗದೆ ಇನ್ನಷ್ಟು ಉರಿದುಕೊಂಡಿದ್ದೆ.

ಆರು ಮಂದಿ ಡಾಕ್ಟರು ಎರಡು ವಾರದಿಂದ ಆ್ಯಪನ್ನು ಪರೀಕ್ಷೆಗೆಂದು ಬಳಸುತ್ತಿದ್ದರು. ಸೋಮವಾರದಿಂದ ಇಡೀ ಆಸ್ಪತ್ರೆಗೆ. ಗುರುವಾರ ಅಕ್ಕ ಮೇಜಿನ ಮೇಲಿದ್ದ ಆಫೀಸಿನ ಫೋನನ್ನು ಮೊದಲ ಸಲ ಕೈಗೆತ್ತಿಕೊಂಡು, ಸೋಂಕಿಗೆ ಕೊಡುವ ಒಂದು ಹೊಸ ಚುಚ್ಚುಮದ್ದಿನ ಬಗ್ಗೆ ಕೇಳಿದರು. ಬಂದ ಉತ್ತರವನ್ನು ಕಾಗದದ ಪಕ್ಕ ಇಟ್ಟು ನೋಡಿದರು.

"ಇಲ್ಲಿ ಒಂದು ಸಾಲು ಕಮ್ಮಿ ಇದೆ," ಎಂದರು.

ಕಾಗದದಲ್ಲಿದ್ದ 'ಮೂತ್ರಪಿಂಡ ದುರ್ಬಲವಿರುವವರನ್ನು ಈ ಅಧ್ಯಯನಕ್ಕೆ ಸೇರಿಸಿಕೊಂಡಿಲ್ಲ' ಎಂಬ ಸಾಲು ಫೋನಿನಲ್ಲಿ ಇರಲಿಲ್ಲ. ಎಂಜಿನಿಯರ್ ತನ್ನ ಕಂಪ್ಯೂಟರಿನಲ್ಲಿ ಹುಡುಕಿದಳು.

"ಎಐ ಸರಿಯಾಗೇ ಬರೆದಿದೆ ಅಕ್ಕ. ನೀವು ಬೇರೆ ಲೇಖನ ತೆಗೆದಿರ್ಬೇಕು."

"ಬೇರೆ ತೆಗೆಯೋಕೆ ನಂಗೇನು ಕಣ್ಣು ಕಾಣಲ್ವಾ? ಇದು ನಮಗೊಂದು ಹೇಳತ್ತೆ, ಡಾಕ್ಟ್ರಿಗೊಂದು ಹೇಳತ್ತೆ. ಇಂಥದ್ದನ್ನ ಹೇಗಮ್ಮ ನಂಬೋದು?"

ಅಕ್ಕನಿಗೆ ಎಐ ಮೇಲೆ ಅನುಮಾನ, ಎಂಜಿನಿಯರಿಗೆ ಅಕ್ಕನ ಮೇಲೆ, ಬಾಸ್‌ಗೆ ಇಬ್ಬರ ಮೇಲೂ. ನನ್ನ ಮೇಲೆ ಮಾತ್ರ ಯಾರಿಗೂ ಇರಲಿಲ್ಲ.

ಆ ಸಾಲನ್ನು ನುಂಗಿದ್ದು ನಾನು. ಎರಡು ತಿಂಗಳ ಹಿಂದೆ, ಮೂರು ಸಾಲು ದಾಟಿದರೆ ಯಾವ ಡಾಕ್ಟರೂ ಓದುವುದಿಲ್ಲ ಎಂದು ಬಾಸ್ ಹಟ ಹಿಡಿದಿದ್ದರು. ಸಣ್ಣ ಫೋನುಗಳಲ್ಲಿ ನಾಲ್ಕನೇ ಸಾಲು ಚೌಕಟ್ಟಿನಿಂದ ಹೊರಗೆ ಇಳಿದು ಅಸಹ್ಯವಾಗಿಯೂ ಕಾಣುತ್ತಿತ್ತು. ಮುಖ್ಯವಾದದ್ದೆಲ್ಲ ಮೇಲೇ ಬಂದಿರುತ್ತದೆ ಎಂದುಕೊಂಡು, ಮೂರರ ನಂತರದ್ದು ಕಾಣಿಸದಂತೆ ಮಾಡಿ ಕೈತೊಳೆದುಕೊಂಡಿದ್ದೆ. ಪೂರ್ತಿ ಓದಲು ಒಂದು ಗುಂಡಿ ಇಟ್ಟಿದ್ದೆ. ಅಂದ ಕೆಡುತ್ತದೆಂದು ಅದನ್ನೂ ಆಮೇಲೆ ತೆಗೆದುಹಾಕಿದ್ದೆ.

ಹೇಳಬೇಕಿತ್ತು. ಬಾಯಿ ಬರಲಿಲ್ಲ. ಶುಕ್ರವಾರ ಯಾರಿಗೂ ಗೊತ್ತಾಗದಂತೆ ನಾಲ್ಕನೇ ಸಾಲನ್ನು ವಾಪಸ್ ತಂದೆ. ಸೋಮವಾರದ ಮಟ್ಟಿಗೆ ಅದು ಸರಿಹೋಯಿತು. ಆದರೆ ಆ ಆರು ಡಾಕ್ಟರು ಎರಡು ವಾರ ಅರ್ಧ ಸತ್ಯ ಓದಿದ್ದರಲ್ಲ. ಅವರನ್ನು ಎಚ್ಚರಿಸಬೇಕಾದರೆ ನಾನು ಬಾಯಿ ಬಿಡಬೇಕು, ಬಿಟ್ಟರೆ ನನ್ನ ಕೆಲಸ ಉಳಿಯುವುದಿಲ್ಲ. ಯಾರಿಗೂ ಏನೂ ಆಗಿರಲಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಶನಿವಾರ ಬೆಳಿಗ್ಗೆ ಬಾಸ್ ನನ್ನ ಕೈಗೆ ಒಪ್ಪಿಗೆ ಪತ್ರ ಕೊಟ್ಟರು. "ಆಯಮ್ಮಂಗೆ ಕೆಲಸ ಹೋಗೋ ಭಯ. ಮನೆಗೇ ಹೋಗಿ ಸಹಿ ಹಾಕಿಸ್ಕೊಂಡು ಬಾ."

ಅಕ್ಕನ ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದ ಮುದುಕರು ನಾನು ಮಾತಾಡುವ ಮೊದಲೇ ಒಂದು ಸ್ಲೇಟನ್ನೂ ಬಳಪವನ್ನೂ ನನ್ನ ಕೈಗಿತ್ತು, "ನಂಗೆ ಕಿವಿ ಕೇಳ್ಸಲ್ಲ. ಬರೆದು ಹೇಳಪ್ಪ," ಎಂದು ದೊಡ್ಡ ದನಿಯಲ್ಲಿ ಹೇಳಿದರು. ಅಕ್ಕನ ಮಾವ. ಮೇಜಿನ ಮೇಲೆ ಬಟಾಣಿ ಸುಲಿಯುತ್ತಿದ್ದವರು ಎದ್ದು ಬಂದಿದ್ದರು. ಒಳಗಿನಿಂದ ಬಂದ ಅಕ್ಕ ಪತ್ರವನ್ನು ತೆಗೆದುಕೊಂಡು, ವಾಡಿಕೆಯಂತೆ ಕೊನೆಯ ಸಾಲಿನಿಂದ ಓದಿ, ಮಡಚಿ ಪಕ್ಕಕ್ಕಿಟ್ಟರು.

"ನಾನು ಸಹಿ ಹಾಕಲ್ಲ. ಕೆಲ್ಸದ ಆಸೆಗೆ ಅಂತ ನೀವೆಲ್ಲ ಅಂದ್ಕೊಂಡಿದ್ದೀರಿ, ಗೊತ್ತು," ಎಂದರು. ಮಾವ ಎದುರಿಗೇ ಕೂತು ಮತ್ತೆ ಬಟಾಣಿ ಸುಲಿಯತೊಡಗಿದ್ದರು. ಅಕ್ಕ ಅವರತ್ತ ಒಮ್ಮೆ ನೋಡಿ ಮುಂದುವರಿಸಿದರು. "ಹನ್ನೊಂದು ವರ್ಷದ ಹಿಂದೆ ಒಬ್ರು ಡಾಕ್ಟ್ರು ಲೈಬ್ರರಿಗೆ ಫೋನ್ ಮಾಡಿ, ಒಂದು ಇಂಜೆಕ್ಷನ್ ಬಗ್ಗೆ ಏನಿದೆ, ಬೇಗ ಎರಡು ಮಾತಲ್ಲಿ ಹೇಳಿ ಅಂದ್ರು. ಮೊದಲ್ನೇ ಪ್ಯಾರಾ ಓದಿ ಹೇಳ್ದೆ. ಒಳ್ಳೇದು, ಬೇಗ ಗುಣ ಆಗತ್ತೆ ಅಂತ. ಕಿಡ್ನಿ ವೀಕ್ ಇರೋರಿಗೆ ಕಿವಿ ಹೋಗ್ಬಹುದು ಅಂತ ಕೋಷ್ಟಕದ ಕೆಳಗಿತ್ತು. ಅಲ್ಲಿವರೆಗೆ ನಾನು ಹೋಗ್ಲೇ ಇಲ್ಲ. ಆ ರೋಗಿ ಯಾರು ಅಂತ ನಾನು ಕೇಳ್ಲಿಲ್ಲ, ಅವ್ರು ಹೇಳ್ಲಿಲ್ಲ."

ಮುದುಕರು ಒಂದು ಬಟಾಣಿಯನ್ನು ಬಾಯಿಗೆ ಹಾಕಿಕೊಂಡರು. ನನಗೆ ಅವರ ಕಡೆ ನೋಡಲಾಗಲಿಲ್ಲ.

"ಇವ್ರಿಗೆ ಗೊತ್ತಾ?"

"ಜ್ವರದಿಂದ ಹೋಯ್ತು ಅಂದ್ಕೊಂಡಿದ್ದಾರೆ. ನಾನೂ ಸುಮ್ನಿದ್ದೆ. ಎಐ ಕೆಟ್ಟದ್ದು ಅಂತಲ್ಲಪ್ಪ ನನ್ನ ಅನುಮಾನ. ಅದೂ ನನ್ನ ಹಾಗೇ ಇದ್ರೆ ಏನು ಗತಿ ಅಂತ."

ನನಗೆ ಇನ್ನು ತಡೆಯಲಾಗಲಿಲ್ಲ. "ಎಐ ಬಿಟ್ಟಿದ್ದಲ್ಲ ಅಕ್ಕ. ನಾನು ಮುಚ್ಚಿಟ್ಟಿದ್ದು," ಎಂದು ಎಲ್ಲವನ್ನೂ ಹೇಳಿದೆ. ಶುಕ್ರವಾರ ಕದ್ದು ಸರಿಪಡಿಸಿದ್ದನ್ನೂ ಸೇರಿಸಿ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆ ಆರು ಜನದ ನಂಬರ್ ನಿನ್ನ ಹತ್ರ ಇದ್ಯಾ?" ಎಂದಷ್ಟೇ ಕೇಳಿದರು.

ಬಟಾಣಿ ಸಿಪ್ಪೆಯನ್ನು ಸರಿಸಿ ಅದೇ ಮೇಜಿನ ಮುಂದೆ ಕುಳಿತು ಒಬ್ಬೊಬ್ಬರಿಗೇ ಫೋನ್ ಮಾಡಿ, ಈವರೆಗೆ ಓದಿದ ಸಾರಾಂಶಗಳನ್ನೆಲ್ಲ ಮತ್ತೊಮ್ಮೆ ನೋಡಿ ಎಂದೆವು. ನಾಲ್ಕು ಮಂದಿ ಆ ಚುಚ್ಚುಮದ್ದಿನ ಬಗ್ಗೆ ಕೇಳಿರಲೇ ಇಲ್ಲ. ಐದನೆಯವರು ಯಾರಿಗೂ ಕೊಟ್ಟಿಲ್ಲವೆಂದು ಸಿಡಿಮಿಡಿಗೊಂಡು ಫೋನಿಟ್ಟರು. ಆರನೆಯ ಡಾಕ್ಟರು ಔಷಧಿಯ ಹೆಸರನ್ನು ಮತ್ತೊಮ್ಮೆ ಹೇಳಿಸಿಕೊಂಡರು. ಆಮೇಲೆ, "ಬುಧವಾರ ನಿಮ್ಮ ಆ್ಯಪಲ್ಲಿ ಓದಿ, ಒಬ್ರಿಗೆ ನಿನ್ನೆ ಶುರು ಮಾಡಿದ್ದೀನಿ. ಎಪ್ಪತ್ತು ವರ್ಷದೋರು, ಕಿಡ್ನಿ ಅಷ್ಟಕ್ಕಷ್ಟೇ. ಎರಡು ಡೋಸ್ ಆಗಿದೆ. ಮೂರನೇದು ಹನ್ನೆರಡು ಗಂಟೆಗೆ," ಎಂದರು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. "ನಿಲ್ಲಿಸ್ತೀನಿ. ಇದು ಗುರುವಾರನೇ ಗೊತ್ತಿದ್ರೆ ಶುರುನೇ ಮಾಡ್ತಿರ್ಲಿಲ್ಲ."

ನನಗೆ ಗುರುವಾರವೇ ಗೊತ್ತಿತ್ತು. ಆ ಎರಡು ಡೋಸು ನನ್ನ ಬಾಯಿಗೆ ಬೀಗ ಹಾಕಿಕೊಂಡದ್ದರ ಫಲ.

ನಮ್ಮ ಮುಖ ನೋಡುತ್ತಿದ್ದ ಮುದುಕರು, "ಏನಮ್ಮ ಆಯ್ತು? ಯಾರಿಗೇನಾಯ್ತು?" ಎಂದರು. ಅಕ್ಕ ಸ್ಲೇಟು ಎತ್ತಿಕೊಂಡರು. ಒಂದು ಸಾಲು ಬರೆದು ಮುಗಿಸುತ್ತಾರೆ ಎಂದುಕೊಂಡೆ. ಸ್ಲೇಟು ತುಂಬ ಬರೆದು ತೋರಿಸಿದರು. ಒರೆಸಿ ಮತ್ತೆ ತುಂಬ ಬರೆದರು. ಹೀಗೆ ನಾಲ್ಕು ಸಲ. ಎರಡನೇ ಸಲಕ್ಕೆ ಮುದುಕರ ಕೈ ತಮ್ಮ ಕಿವಿಯ ಮೇಲೆ ಹೋಯಿತು. ಅದು ಈ ಹೊತ್ತಿನ ಸುದ್ದಿಯಲ್ಲ, ಹನ್ನೊಂದು ವರ್ಷದ ಹಿಂದಿನದು ಎಂದು ನನಗೆ ಆಗ ಗೊತ್ತಾಯಿತು. ಅಕ್ಕ ಒತ್ತಿ ಬರೆದ ರಭಸಕ್ಕೆ ಬಳಪ ತುಂಡಾಯಿತು. ತುಂಡಿನಲ್ಲೇ ಬರೆದು ಮುಗಿಸಿದರು.

ಮುದುಕರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಕೊನೆಯದನ್ನು ಇನ್ನೊಮ್ಮೆ ಓದಿದರು. ಆಮೇಲೆ ಸ್ಲೇಟನ್ನು ಸೊಸೆಯ ಕೈಗೆ ವಾಪಸ್ ಕೊಟ್ಟರು.

"ಇಷ್ಟೇನಾ? ಏನೂ ಬಿಟ್ಟಿಲ್ಲ ತಾನೇ?"

ಅಕ್ಕ ಇಲ್ಲವೆಂದು ತಲೆಯಾಡಿಸಿದರು. ಮುದುಕರು ಬಟಾಣಿಯ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು. ನಾಲ್ಕೈದು ಕಾಯಿ ಸುಲಿದು, ಆಮೇಲೆ ಅದನ್ನು ಅರ್ಧ ದಾರಿಗೆ, ಸೊಸೆಯ ಕೈಗೂ ಎಟುಕುವಷ್ಟು ಹತ್ತಿರಕ್ಕೆ ಸರಿಸಿದರು.